ಹಳಿ ಕಿತ್ತ ಏರಿಯ ಮೇಲೆ

ಅಪ್ಪನ ಬಾರಕೋಲಿನ ಗುರುತು ಈಗಲೂ ನನ್ನ ಎಡಹುಬ್ಬಿನ ಮೇಲಿದೆ. ಆ ಪೆಟ್ಟು ಬಿದ್ದದ್ದು ಜನ ಅಡ್ಡಾಡುವ ಒಂದು ದಾರಿಯ ಸಲುವಾಗಿ ಎಂದರೆ ಈಗಿನವರು ನಗುತ್ತಾರೆ. ನಗಲಿ.

ಹುಲಿಗಿಯ ಈಚೆಗೆ ನಮ್ಮೂರು. ಅಣೆಕಟ್ಟು ಕಟ್ಟುವಾಗ ಗುಡ್ಡದಿಂದ ಕಲ್ಲು ಸಾಗಿಸಲು ಹಾಕಿದ್ದ ರೈಲು ದಾರಿ ನಮ್ಮ ಹೊಲದ ನಡುವೆ ಹಾದುಹೋಗಿತ್ತು. ಕೆಲಸ ಮುಗಿದ ಮೇಲೆ ಹಳಿ ಕಿತ್ತುಕೊಂಡು ಹೋದರು, ಮಣ್ಣಿನ ಏರಿ ಉಳಿಯಿತು. ಅಪ್ಪ ವರ್ಷ ವರ್ಷ ಒಂದೊಂದು ಸಾಲು ಕೆರೆದು ಅದನ್ನು ಹೊಲಕ್ಕೆ ಸೇರಿಸಿಕೊಂಡ. ಎಪ್ಪತ್ತರ ದಶಕದ ಕೊನೆಗೆ ಏರಿಯ ಮೇಲೆ ನಮ್ಮ ತೊಗರಿ ನಿಂತಿತ್ತು.

ಆಗಲೇ ಊರ ಹಿರಿಯರು ಏರಿಗೆ ಗರಸು ಮಣ್ಣು ಹಾಕಿ, ಎರಡೂ ಬದಿಗೆ ಬೇವು ನೆಟ್ಟು, ಸಂಜೆ ಜನ ಅಡ್ಡಾಡಲು ದಾರಿ ಮಾಡೋಣ ಎಂದರು. ಮನೆಗೊಂದಾಳು ಕೆಲಸಕ್ಕೆ ಬರಬೇಕು. ನಮ್ಮ ಮನೆಯಿಂದ ಯಾರೂ ಹೋಗಕೂಡದೆಂದು ಅಪ್ಪ ಗುಡುಗಿದ. ನಾನು ಹೋದೆ. ನನಗೂ ಅವನದೇ ಸಿಟ್ಟು. ನಮ್ಮೂರ ಹೆಂಗಸರು ಮನೆಯಿಂದಾಚೆ ನಡೆದದ್ದೇ ತಲೆಯ ಮೇಲೆ ಕೊಡವೋ ಹೊರೆಯೋ ಇದ್ದಾಗ. ಬರಿಗೈಯಲ್ಲಿ, ಎಲ್ಲಿಗೂ ಹೋಗದೆ, ಸುಮ್ಮನೆ ನಡೆಯಬೇಕೆಂಬ ಆಸೆ ನನಗಿತ್ತು.

ಗರಸು ನಮ್ಮ ತೊಗರಿಯ ತನಕ ಬಂದ ಮುಂಜಾನೆ ಏರಿಗೆ ಅಡ್ಡಲಾಗಿ ಒಂದು ಕಲ್ಲು ಕೂತಿತ್ತು. ಅದಕ್ಕೆ ಕುಂಕುಮ, ಅರಿಶಿನದ ಭಂಡಾರ, ಮುಂದೆ ಒಡೆದ ಕಾಯಿ. ನಮ್ಮ ಕಡೆ ಕುಂಕುಮ ಬಿದ್ದ ಕಲ್ಲನ್ನು ಯಾರೂ ಕದಲಿಸುವುದಿಲ್ಲ. ಕೆಲಸ ಅಲ್ಲಿಗೇ ನಿಂತಿತು. ದೇವಿ ಕನಸಿನಲ್ಲಿ ಬಂದು ಜಾಗ ಕೇಳಿದಳು ಎಂದು ಅಪ್ಪ ಹೇಳಿಕೊಂಡು ತಿರುಗಿದ.

ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ಇರಲಿಲ್ಲ. ಅವ್ವ ತುಟಿ ಬಿಚ್ಚದೆ ಬಾವಿಯ ಮೆಟ್ಟಿಲ ಮೇಲೆ ಒಗೆಯತೊಡಗಿದ್ದಳು. ಅವಳಿಗೂ ಗೊತ್ತಿತ್ತು, ನನಗೂ ಗೊತ್ತಾಯಿತು. ಎಂಟು ದಿನ ನಾನೂ ಬಾಯಿ ಮುಚ್ಚಿಕೊಂಡೆ. ಆ ಎಂಟು ದಿನ ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಒಂಬತ್ತನೆಯ ದಿನ ಕೆಲಸದ ಮೇಸ್ತ್ರಿ ಧೈರ್ಯ ಮಾಡಿ ಕಲ್ಲಿಗೆ ಕೈಮುಗಿದು, ಪಕ್ಕಕ್ಕೆ ಇಡುತ್ತೇನೆಂದು ಬಗ್ಗಿದ. ಅಪ್ಪ ಹಿಂದಿನಿಂದ ಬಂದು ಬಾರಕೋಲಿನ ಬುಡದಿಂದ ಅವನ ತಲೆಗೆ ಹೊಡೆದ. ನಮ್ಮ ಕಾಕಾಗಳು ಕುಡುಗೋಲು ಹಿಡಿದು ಬಂದರು, ಕೆಲಸದವರು ಸಲಿಕೆ ಎತ್ತಿದರು. ಒಬ್ಬನ ಮೊಣಕೈ ಮುರಿದ ಸದ್ದು ನನಗೆ ಕೇಳಿಸಿತು. ನನ್ನ ಒಬ್ಬ ಕಾಕಾನ ಕಿವಿ ಅರ್ಧ ಹರಿದು ಜೋತುಬಿತ್ತು. ಮೇಸ್ತ್ರಿ ಕಲ್ಲಿನ ಮೇಲೆಯೇ ಬಿದ್ದಿದ್ದ, ಕುಂಕುಮ ಯಾವುದು ರಕ್ತ ಯಾವುದು ತಿಳಿಯದಂತಾಗಿತ್ತು. ಅವನು ಸತ್ತನೆಂದೇ ನಾನು ತಿಳಿದೆ. ಅವನನ್ನು ಪಕ್ಕಕ್ಕೆ ಎಳೆದು, ಅಲ್ಲೇ ಬಿದ್ದಿದ್ದ ಹಾರೆ ಹಾಕಿ ಮೀಟಿ ಕಲ್ಲನ್ನು ಮಗುಚಿದೆ.

ಕೆಳಮೈ ಸವೆದು ನುಣ್ಣಗಾಗಿತ್ತು. ಅದರ ತುಂಬ ನೀಲಿ ಕಲೆ.

“ಇದು ದೇವ್ರಲ್ಲರಿ,” ಅಂದೆ. “ನಮ್ಮನಿ ಅರಿವಿ ಒಗಿಯೋ ಕಲ್ಲು. ನೋಡ್ರಿ, ನಮ್ಮಪ್ಪನ ಧೋತರದ ನೀಲಿ ಐತಿ.”

ಸಲಿಕೆಗಳು ಕೆಳಗಿಳಿದವು. ಅಪ್ಪನ ಬಾರಕೋಲು ಮಾತ್ರ ಇಳಿಯಲಿಲ್ಲ. ಅವನು ನನ್ನನ್ನು ಹೊಡೆದ, ಬಿದ್ದ ಮೇಲೂ ಹೊಡೆದ. ಕೊನೆಗೆ ಆ ಕಾಕಾನೇ ಕಿವಿ ಒತ್ತಿ ಹಿಡಿದುಕೊಂಡು ಬಂದು ಅವನ ರಟ್ಟೆ ಹಿಡಿದ.

ಮೇಸ್ತ್ರಿ ಬದುಕಿದ. ಆದರೆ ಅವನ ಒಂದು ಕಣ್ಣು ಹೋಯಿತು. ತೊಗರಿ ಕಿತ್ತರು, ದಾರಿ ಆಯಿತು. ಕಲ್ಲನ್ನು ಅಲ್ಲಿಯೇ ಬೇವಿನ ಸಸಿಯ ಪಕ್ಕ ಕೂರಲು ಹಾಸಿದರು, ನೀಲಿ ಮೈ ಮೇಲೆ ಮಾಡಿ.

ಅವ್ವ ಎರಡು ವರ್ಷ ಆ ಕಡೆ ಸುಳಿಯಲಿಲ್ಲ. ಒಂದು ಸಂಜೆ ತಾನಾಗಿಯೇ ನನ್ನ ಜೊತೆ ಹೊರಟಳು, ಬರಿಗೈಯಲ್ಲಿ. ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ದಾರಿಯುದ್ದಕ್ಕೂ ಸೆರಗು ಹಿಡಿದುಕೊಂಡಿದ್ದಳು. ಕಲ್ಲಿನ ಹತ್ತಿರ ನಿಂತಳು, ಆಮೇಲೆ ಕೂತಳು. ಅಷ್ಟು ವರ್ಷ ಬಗ್ಗಿ ಒಗೆದ ಕಲ್ಲಿನ ಮೇಲೆ ಅವಳು ಕೂತದ್ದು ಅದೇ ಮೊದಲು.

ಹೊಲದಲ್ಲಿ ಅಪ್ಪ ಎತ್ತು ನಿಲ್ಲಿಸಿ ನಮ್ಮ ಕಡೆ ನೋಡಿದ. ಬಾರಕೋಲು ಕೈಯಲ್ಲಿತ್ತು. ನಾನು ಎದ್ದು ಹೋಗೋಣವೆಂದು ಅವ್ವನ ತೋಳು ಹಿಡಿದೆ.

“ನೀ ಬೇಕಾದ್ರ ಹೋಗವ್ವಾ,” ಅಂದಳು ಅವನನ್ನೇ ನೋಡುತ್ತ. “ನಾ ಇನ್ನಷ್ಟ ಹೊತ್ತು ಕುಂದರತೀನಿ.”