ಬಿಸ್ಕತ್ತು, ಬಲೂನು, ಬಾಚಣಿಗೆ

ಬಿಸ್ಕತ್ತಿಗೂ ಬಲೂನಿಗೂ ನಡುವೆ ಒಂದು ಗೇಣು ಜಾಗ ಇರಬೇಕು. ತೀರಾ ಹತ್ತಿರ ಇಟ್ಟರೆ ಮಗು ಎರಡನ್ನೂ ಒಟ್ಟಿಗೆ ಬಾಚಿಕೊಳ್ಳುತ್ತದೆ. ದೂರ ಇಟ್ಟರೆ ಒಂದು ಕಣ್ಣಿಗೇ ಬೀಳುವುದಿಲ್ಲ. ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ದಿನವಿಡೀ ಚಾಪೆಯ ಮೇಲೆ ಗೇಣು ಹಾಕುತ್ತಾ ಕೂತಿರುತ್ತಾಳೆಂದರೆ ನಮ್ಮ ನೆಂಟರು ನಂಬುವುದಿಲ್ಲ. ಹಾಗಾಗಿ ನಾನೂ ಹೇಳುವುದಿಲ್ಲ.

ನನ್ನ ಕೆಲಸ ತುಮಕೂರಿನ ಒಂದು ಸಣ್ಣ ಕೇಂದ್ರದಲ್ಲಿ. ಆಟಿಸಂ ಇರುವ, ಮಾತು ಬಾರದ ಮಕ್ಕಳು ಅಲ್ಲಿಗೆ ಬರುತ್ತಾರೆ. ಏನನ್ನಾದರೂ ಕಲಿಸುವ ಮೊದಲು ಮಗುವಿಗೆ ಏನು ಇಷ್ಟವೆಂದು ತಿಳಿಯಬೇಕು. ಇಷ್ಟದ್ದೊಂದು ಇದ್ದರೆ ತಾನೇ ಅದನ್ನು ಕೇಳಬೇಕೆನ್ನಿಸುವುದು? ಬಾಯಿಬಿಡದ ಮಗುವನ್ನು ‘ನಿನಗೇನು ಬೇಕು’ ಎಂದು ಕೇಳಿ ಫಲವಿಲ್ಲ. ಅದಕ್ಕೇ ಎರಡೆರಡು ವಸ್ತು ಎದುರಿಗಿಟ್ಟು, ಯಾವುದಕ್ಕೆ ಕೈ ಹಾಕಿತೆಂದು ಗುರುತು ಹಾಕಿಕೊಳ್ಳುತ್ತೇವೆ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬದಲಿಸಿ ಮತ್ತೆ ನೋಡುತ್ತೇವೆ. ಇದಕ್ಕೆ ಇಂಗ್ಲಿಷಿನಲ್ಲಿ ಗಂಭೀರವಾದ ಹೆಸರೊಂದಿದೆ. ಅಮ್ಮ ಮಾತ್ರ ‘ಆಟ ಆಡ್ಸೋ ಕೆಲ್ಸ’ ಎನ್ನುತ್ತಾಳೆ.

ಬರೆದುಕೊಳ್ಳುವುದಕ್ಕೂ ಕಟ್ಟುನಿಟ್ಟಿದೆ. ‘ಮಗು ಸಿಟ್ಟು ಮಾಡಿಕೊಂಡಿತು’ ಎಂದು ಬರೆಯುವಂತಿಲ್ಲ, ಸಿಟ್ಟು ಯಾರಿಗೆ ಕಂಡಿದೆ? ‘ತಟ್ಟೆಯನ್ನು ತಳ್ಳಿತು’ ಎನ್ನಬೇಕು. ಈ ಅಭ್ಯಾಸ ಮನೆಗೂ ಬಂದುಬಿಟ್ಟಿದೆ. ಒಮ್ಮೆ ಅಪ್ಪ ಫೋನಿನಲ್ಲಿ, ‘ನಿಮ್ಮಮ್ಮಂಗೆ ಕೋಪ ಇಳೀತಾ?’ ಎಂದು ವಿಚಾರಿಸಿದರು. ‘ಪಾತ್ರೆ ಜೋರಾಗಿ ಇಡ್ತಿದಾಳೆ ಅಪ್ಪ’ ಎಂದೆ. ಅವರು ಆ ದಿನ ತಡವಾಗಿ ಬಂದರು. ಕಂಡದ್ದನ್ನಷ್ಟೇ ಹೇಳುವುದರ ಉಪಯೋಗ ನನಗೆ ಮನದಟ್ಟಾದದ್ದು ಆಗಲೇ.

ಯೋಚಿಸಿ ನೋಡಿದರೆ, ನಮ್ಮ ಕಡೆಯವರ ಇಷ್ಟ ತಿಳಿಯುವಷ್ಟು ಕಷ್ಟದ ಶಾಸ್ತ್ರ ಇನ್ನೊಂದಿಲ್ಲ. ಮದುವೆಯೂಟದಲ್ಲಿ ‘ಸಾಕು ಸಾಕು’ ಎನ್ನುತ್ತಾ ಎಲೆಗೆ ಅಡ್ಡ ಹಿಡಿದ ಕೈಯನ್ನೇ ನೋಡಿ. ಬೆರಳುಗಳ ಸಂದಿಯಲ್ಲಿ ಒಂದು ಹೋಳಿಗೆ ತೂರುವಷ್ಟು ಜಾಗ ಇದ್ದೇ ಇರುತ್ತದೆ. ನಾನಂತೂ ಕೈ ಅಡ್ಡ ಹಿಡಿಯುವ ಗೋಜಿಗೂ ಹೋದವಳಲ್ಲ. ಕುಣಿಗಲ್ಲಿನ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಅಮ್ಮ, ‘ಉಪ್ಪಿಟ್ಟಾ, ಅವಲಕ್ಕಿನಾ?’ ಎನ್ನುತ್ತಾಳೆ. ನಾನು, ‘ಯಾವ್ದಾದ್ರೂ ಮಾಡಮ್ಮ’ ಎನ್ನುತ್ತೇನೆ. ಉಪ್ಪಿಟ್ಟಾಗುತ್ತದೆ. ತಿಂದು ತುಮಕೂರಿನ ಬಸ್ಸು ಹತ್ತುತ್ತೇನೆ, ಬೇರೆಯವರ ಮಕ್ಕಳಿಗೆ ಇಷ್ಟವನ್ನು ಕೇಳಿ ಪಡೆಯುವುದನ್ನು ಕಲಿಸಲು.

ಸಿಂಚನ ಅಂಥವರಲ್ಲಿ ಒಬ್ಬಳು. ಐದು ವರ್ಷ, ಎರಡು ಜುಟ್ಟು. ಅವಳ ತಾಯಿ ಶಿಲ್ಪ ಗುಬ್ಬಿಯಿಂದ ರೈಲಿನಲ್ಲಿ ಕರೆದುಕೊಂಡು ಬರುತ್ತಿದ್ದರು. ಮೊದಲ ದಿನವೇ ಅವರು ಹೇಳಿದ್ದು ಒಂದೇ ಮಾತು: ‘ಎಲ್ಲಾ ಮಕ್ಳೂ ಅಮ್ಮಂದಿರ ಪ್ರಾಣ ತಿಂತಾವೆ ಮೇಡಂ, ಅದ್ ಕೊಡ್ಸು ಇದ್ ಕೊಡ್ಸು ಅಂತ. ಇವ್ಳು ನನ್ನ ಇದುವರ್ಗೂ ಏನೂ ಕೇಳಿಲ್ಲ. ಒಂದ್ಸಲ ಕೇಳ್ಬುಟ್ರೆ ಸಾಕು.’

ನಾನು ಬಲೂನು, ಬಿಸ್ಕತ್ತು, ಬುಗುರಿ, ಕೀಲಿ ಕೊಟ್ಟರೆ ಕುಪ್ಪಳಿಸುವ ಕಪ್ಪೆ, ಎಲ್ಲವನ್ನೂ ಗೇಣು ಹಾಕಿ ಇಟ್ಟೆ. ಜಾಗ ಬದಲಿಸಿದೆ. ಕೊನೆಗೆ ನೋಡಿದರೆ ಎಲ್ಲವೂ ಸರಿಸಮ ಗೆದ್ದಿದ್ದವು, ಸರಿಸಮ ಸೋತಿದ್ದವು. ಬಹಳ ವಿಶ್ವಾಸದಿಂದ, ‘ಇವಳಿಗೆ ಎಲ್ಲವೂ ಇಷ್ಟ’ ಎಂದೆ.

ಶಿಲ್ಪ ನನ್ನನ್ನೇ ನೋಡಿದರು. ‘ಎಲ್ಲಾ ಇಷ್ಟ ಅಂದ್ರೆ ಯಾವ್ದೂ ಇಷ್ಟ ಇಲ್ಲ ಅಂತ ತಾನೇ ಮೇಡಂ?’

ಆ ಪ್ರಶ್ನೆ ಕುಣಿಗಲ್ಲಿನವರೆಗೂ ನನ್ನ ಜೊತೆ ಬಸ್ಸಿನಲ್ಲಿ ಬಂತು.

ಮುಂದಿನ ವಾರ ಅವರ ಅತ್ತೆಯೂ ಜೊತೆಗಿದ್ದರು. ಕೇಂದ್ರದ ಜಗಲಿಯಲ್ಲಿ ಕೂತು ಮೊಮ್ಮಗಳಿಗೆ ಬಾಳೆಹಣ್ಣು ಸುಲಿದು ಕೊಟ್ಟರು. ಸಿಂಚನ ಎಡಗೈ ಚಾಚಿದಳು. ಅಜ್ಜಿ ಹಣ್ಣನ್ನು ಹಿಂದಕ್ಕೆಳೆದುಕೊಂಡು, ‘ಆ ಕೈ ಅಲ್ಲ ಕಣವ್ವ, ಈ ಕೈ’ ಎಂದು ಮೃದುವಾಗಿ ಬಲಗೈ ತಟ್ಟಿದರು. ಬಲಗೈ ಬಂತು, ಹಣ್ಣು ಸಿಕ್ಕಿತು.

ನಾನು ನಿಂತಲ್ಲೇ ನಿಂತೆ. ಮಗು ಎಡಚಿ. ಎಡಗೈ ಮುಂದೆ ಬಂದರೆ ವಸ್ತು ಹಿಂದೆ ಹೋಗುತ್ತದೆಂದು ಚೆನ್ನಾಗಿ ಕಲಿತಿದ್ದಾಳೆ. ಹಾಗಾಗಿ ಚಾಪೆಯ ಮೇಲೂ ಬಲಗೈಗೆ ಹತ್ತಿರ ಏನಿದೆಯೋ ಅದನ್ನು ಎತ್ತಿ ಸುಮ್ಮನಾಗುತ್ತಿದ್ದಳು. ನಾನು ಅಳೆದದ್ದು ಅವಳ ಇಷ್ಟವನ್ನಲ್ಲ, ಅವಳ ಶಿಸ್ತನ್ನು. ಬಲಗಡೆಯ ವಸ್ತುವೇ ಪ್ರತಿಸಲವೂ ಗೆದ್ದದ್ದನ್ನು ನನ್ನ ಗುರುತುಗಳೇ ಕೂಗಿ ಹೇಳುತ್ತಿದ್ದವು. ನಾನು ವಸ್ತುಗಳ ಹೆಸರು ಓದಿದ್ದೆ, ಬದಿಯನ್ನು ಓದಿರಲಿಲ್ಲ.

‘ಇಲ್ಲಿ ಯಾವ ಕೈಯಾದ್ರೂ ಸರಿ ಅಜ್ಜಿ’ ಎಂದೆ.

‘ನಿಮ್ಗೆ ಸರಿ ಕಣವ್ವ’ ಎಂದರು ಅಜ್ಜಿ. ‘ಮಾತಾಡಲ್ಲ ಅಂತ ಆಡ್ಕೊಳೋರೇ ಬೇಕಾದಷ್ಟವ್ರೆ. ಎಡಚಿ ಅಂತ ಬೇರೆ ಅನ್ನುಸ್ಕೋಬೇಕಾ ನನ್ ಕೂಸು?’

ಶಿಲ್ಪ ಅವರ ಬಳಿ, ‘ಮನೆಯಲ್ಲಿ ಅವಳು ಯಾರೂ ಹೇಳದೆ ಮುಟ್ಟುವ ವಸ್ತು ಏನಿದ್ದರೂ ತನ್ನಿ’ ಎಂದಷ್ಟೇ ಕೇಳಿಕೊಂಡೆ.

ಮರುವಾರ ಅತ್ತೆ ಸೊಸೆ ಇಬ್ಬರೂ ಬಂದರು; ತಂದ ಚೀಲದಲ್ಲಿ ಒಂದು ಚಮಚ, ಖಾಲಿ ಬೆಂಕಿಪೊಟ್ಟಣ, ಹಸಿರು ಬಾಚಣಿಗೆ ಇದ್ದವು. ಈ ಸಲ ನಾನು ವಸ್ತುಗಳನ್ನು ಅಕ್ಕಪಕ್ಕ ಇಡಲಿಲ್ಲ. ಬಿಸ್ಕತ್ತನ್ನೂ ಸೇರಿಸಿ, ಎಡ ಬಲ ಎಂಬುದೇ ಇರದಂತೆ ಒಂದರ ಹಿಂದೆ ಒಂದು, ನೇರ ಸಾಲಿನಲ್ಲಿಟ್ಟೆ. ಬಾಚಣಿಗೆ ಮುಂದಿರಲಿ ಹಿಂದಿರಲಿ, ಸಿಂಚನ ಅದನ್ನೇ ಎತ್ತಿದಳು. ಎತ್ತಿ, ಹಲ್ಲುಗಳ ಮೇಲೆ ಉಗುರು ಎಳೆದು ಕಿರ್ರ್ ಎನ್ನಿಸಿ, ಕಿವಿಗಿಟ್ಟುಕೊಂಡು ನಕ್ಕಳು. ಬಿಸ್ಕತ್ತು ಅನಾಥವಾಗಿ ಬಿದ್ದಿತ್ತು.

‘ಅಯ್ಯೋ, ಬಾಚಣಿಗೆ ಕದೀತಿದ್ದೋಳು ನೀನೇನಾ!’ ಅಜ್ಜಿ ಹಣೆ ಚಚ್ಚಿಕೊಂಡರು. ‘ನಾನು ಇಲಿ ಮೇಲೆ ಹಾಕ್ತಿದ್ದೆ!’

‘ಇಲಿ ತಲೆ ಬಾಚ್ಕೊಳುತ್ತಾ ಅತ್ತೆ?’ ಎಂದರು ಶಿಲ್ಪ.

ಬಾಚಣಿಗೆಯನ್ನು ಒಂದು ಗಾಜಿನ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿದು ಶಿಲ್ಪ ಅವರ ಕೈಗೆ ಕೊಟ್ಟೆ. ಕಾಣುತ್ತದೆ, ಸಿಗುವುದಿಲ್ಲ. ಕೇಳಿದರೆ ಉಂಟು. ಸಿಂಚನ ಡಬ್ಬಿಯನ್ನು ತಟ್ಟಿದಳು. ಮುಚ್ಚಳವನ್ನು ಹಲ್ಲಿನಿಂದ ಕಚ್ಚಿದಳು. ನನ್ನ ಕಡೆ ಬೆನ್ನು ತಿರುಗಿಸಿದಳು. ನಾವು ಮೂವರೂ ಮುಚ್ಚಳ ಮುಟ್ಟದೆ ಕಾದೆವು. ಹೆಚ್ಚು ಕಷ್ಟವಾದದ್ದು ಅಜ್ಜಿಗೆ. ಆಮೇಲೆ ಅವಳು ಅಮ್ಮನ ಮುಖವನ್ನು ನೇರವಾಗಿ ನೋಡಿ, ಅಂಗೈ ಬಿಡಿಸಿ ಮುಂದೆ ಚಾಚಿದಳು.

ಎಡಗೈ.

ಶಿಲ್ಪ ಅವಸರದಲ್ಲಿ ಮುಚ್ಚಳವನ್ನು ತಪ್ಪು ಕಡೆಗೆ ತಿರುಗಿಸತೊಡಗಿದರು. ಅಜ್ಜಿ ಡಬ್ಬಿ ಕಿತ್ತುಕೊಂಡು, ಒಂದೇ ತಿರುವಿಗೆ ಬಿಚ್ಚಿ, ಆ ಎಡ ಅಂಗೈಯಲ್ಲೇ ಬಾಚಣಿಗೆ ಇಟ್ಟು ಬೆರಳು ಮಡಚಿದರು. ‘ತಗಳವ್ವ. ಕೇಳಿದ್ಯಲ್ಲ’ ಎಂದರು. ಶಿಲ್ಪ ಸೆರಗಿನಿಂದ ಕಣ್ಣು ಒರೆಸಿಕೊಂಡರು. ‘ಸಂತೋಷಪಟ್ಟರು’ ಎಂದು ಬರೆಯುವಂತಿಲ್ಲವಾದ್ದರಿಂದ ನಾನು ಹಾಗೆ ಬರೆಯಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ಒಲೆಯ ಮುಂದೆ ನಿಂತು ಎಂದಿನಂತೆ, ‘ಉಪ್ಪಿಟ್ಟಾ, ಅವಲಕ್ಕಿನಾ?’ ಎಂದಳು.

‘ಅಕ್ಕಿ ರೊಟ್ಟಿ’ ಎಂದೆ.

ಅಮ್ಮ ತಿರುಗಿದಳು. ‘ಉಪ್ಪಿಟ್ಟಂದ್ರೆ ನಿಂಗೆ ಪ್ರಾಣ ಅನ್ಕೊಂಡಿದ್ನಲ್ಲೇ! ತಟ್ಟೇಲಿ ಒಂದಗುಳೂ ಬಿಡ್ತಿರ್ಲಿಲ್ಲ. ಈಗ ರೊಟ್ಟಿ ತಟ್ತಾ ಕೂತ್ರೆ ಬಸ್ಸು ಸಿಗುತ್ತೇನೇ?’

‘ಮುಂದಿನ ಬಸ್ಸಿಗೆ ಹೋಗ್ತೀನಿ’ ಎಂದು ಹೇಳಿ, ಬೋಗುಣಿಗೆ ಹಿಟ್ಟು ಸುರಿದುಕೊಂಡು, ಈರುಳ್ಳಿ ಹೆಚ್ಚಲು ಕೂತೆ.