ರುದ್ರಮುನಿಯ ಅರ್ತ್

ಹೊನ್ನಾಳಿಯ ಆಟೋ ಎಲೆಕ್ಟ್ರಿಷಿಯನ್ ರುದ್ರಮುನಿ ಯಾವ ಗಾಡಿ ಬಂದರೂ ಹೇಳುವುದು ಒಂದೇ ಮಾತು: "ಅರ್ತ್ ಇಲ್ಲ ರೀ ಇದಕ್ಕೆ." ಅರ್ತ್ ಅಂದರೆ ಹೋದ ಕರೆಂಟು ಮರಳುವ ದಾರಿ. ಹಾರ್ನ್ ಕೂಗದಿದ್ದರೂ ಅರ್ತ್, ಮನೆಯ ಮಿಕ್ಸಿ ತಿರುಗದಿದ್ದರೂ ಅರ್ತ್, ಹೆಂಡತಿ ಮಾತು ಬಿಟ್ಟರೂ ಅರ್ತ್. ಈಗ ಮೂರು ದಿನದಿಂದ, ಜೀಪಿನ ಹಿಂದೆ ಕಟ್ಟಿಕೊಂಡು ಪ್ರವಾಸ ಹೋಗುವ ಮನೆಗಾಡಿಯೊಂದರ ಅಡಿಯಲ್ಲಿ ಮಲಗಿದ್ದಾನೆ. ಅದರ ಕರೆಂಟ್ ಬ್ರೇಕು ಹಿಡಿಯುತ್ತಿಲ್ಲ. ತಂತಿ ಬದಲಿಸಿದ, ತುಕ್ಕು ಕೆರೆದ, ಚಕ್ರದೊಳಗಿನ ಅಯಸ್ಕಾಂತಕ್ಕೆ ಸ್ಪ್ಯಾನರ್ ಅಂಟಿಸಿ ನೋಡಿದ. ಬೇರೆಯವರು ಒಳ್ಳೆಯದಾಗಲೆಂದು ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದರೆ, ಇವನು ಹಣ್ಣನ್ನು ಹತ್ತು ಮಾರು ದೂರದಲ್ಲಿಟ್ಟು, "ಇದನ್ನ ಮುಟ್ಟದಂಗೆ ನಿಲ್ಸ್ರಿ" ಎನ್ನುತ್ತಾನೆ. ಇವತ್ತೂ ಹಣ್ಣು ಅಪ್ಪಚ್ಚಿಯಾಯಿತು. ಗಾಡಿಯ ಯಜಮಾನ ನಾಗೇಂದ್ರಪ್ಪನಿಗೆ ಸಾಕಾಗಿತ್ತು: "ಬಿಡ್ರಿ ಅತ್ಲಾಗೆ, ನಿಧಾನಕ್ಕೆ ಒಯ್ತೀನಿ." ರುದ್ರಮುನಿ ಕೀಲಿ ಕೊಡಲಿಲ್ಲ, ಇನ್ನೊಂದು ಹಣ್ಣು ತಂದಿಟ್ಟ. ಹತ್ತು ವರ್ಷದ ಹಿಂದೆ ಇಂಥದೇ ಮನೆಗಾಡಿ ಎಳೆದು ಬರುವ ಜೀಪಿನ ಮುಂದೆ, ಈ ಹಣ್ಣಿರುವಷ್ಟೇ ದೂರದಲ್ಲಿ, ಅಣ್ಣನ ಕೆಲಸ ನಂಬಿ, ತಮ್ಮ ಕಲ್ಲೇಶ್ ನಗುತ್ತ ನಿಂತಿದ್ದ. ಅವತ್ತೊಂದು ದಿನ ಮಾತ್ರ ರುದ್ರಮುನಿ ಅರ್ತ್ ನೋಡದೆ, "ಎಲ್ಲಾ ಸರಿ ಐತೆ, ಬರ್ಲಿ ಬಿಡ್ರಿ" ಎಂದಿದ್ದ.