ಯಾವೂರು ನಿಮ್ದು ಎಂದು ಕೇಳುತ್ತಿದ್ದ ಮಾದೇವಣ್ಣ

ಯಳಂದೂರಿನ ಬಸ್ ಸ್ಟ್ಯಾಂಡಿನಲ್ಲಿ ಯಾರೇ ಹೊಸಬರು ಇಳಿದರೂ ಎಳನೀರು ಮಾರುವ ಮಾದೇವಣ್ಣ ಮಚ್ಚು ಕೆಳಗಿಟ್ಟು, "ಯಾವೂರು ಸಾ ನಿಮ್ದು?" ಎಂದು ಕೇಳುತ್ತಿದ್ದರು. ಹನೂರೆನ್ನಿ, ಹಾಸನವೆನ್ನಿ, ಅಲ್ಲೊಬ್ಬ ನೆಂಟನನ್ನು ಹುಡುಕಿ ತೆಗೆಯದೆ ಬಿಡುತ್ತಿರಲಿಲ್ಲ. ಕೊಳ್ಳೇಗಾಲದ ಶಾಲೆಗೆ ಪಾಠ ಹೇಳಲು ಹೋಗುವ ನನಗೆ ಬಸ್ಸು ತಡವಾದಷ್ಟೂ ಖುಷಿ. ಅವರ ಮಾತು ಕೇಳಬಹುದಲ್ಲ.

ಕರಿಕಲ್ಲಿನ ಕ್ವಾರಿಗೆಂದು ಒಡಿಶಾದಿಂದ ಬಂದ ಬಿಕಾಸನನ್ನೂ ಹಾಗೇ ಕೇಳಿದ್ದರು. ಅವನ ಊರಿನ ಹೆಸರು ಅವರ ನಾಲಿಗೆಗೆ ಹತ್ತಲಿಲ್ಲ. "ಓಗ್ಲಿ ಬುಡು, ನಾನೇ ನೆಂಟ ಅನ್ಕೊ" ಎಂದು ಮನೆಗೆ ಕರೆದೊಯ್ದು ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಮುಂದೆ ಅವರಿಗೆ ಮಂಡಿನೋವು ಬಂದಾಗ, ಭಾನುವಾರ ಮಾಂಬಳ್ಳಿಯ ತೋಟಗಳಲ್ಲಿ ಮರ ಹತ್ತಿ ಕಾಯಿ ಇಳಿಸಿಕೊಡುತ್ತಿದ್ದವನು ಬಿಕಾಸನೇ.

ಆಮೇಲೆ ಗುತ್ತಿಗೆದಾರ ಕಡಿಮೆ ಕೂಲಿಗೆ ಒಪ್ಪುವ ಹೊರಗಿನವರನ್ನೇ ತುಂಬಿಕೊಂಡ. ಅದೇ ಕ್ವಾರಿಯಲ್ಲಿದ್ದ ಮಾದೇವಣ್ಣನವರ ಮಗನ ಕೆಲಸ ಹೋಯಿತು. ಹೊರಗಿನವರನ್ನೆಲ್ಲ ಓಡಿಸುತ್ತೇವೆನ್ನುವ ಪಕ್ಷವೊಂದು ಆಗಲೇ ಊರಲ್ಲಿ ತಲೆಯೆತ್ತಿತ್ತು. ಅದರ ಶಾಲು ಇವರ ಹೆಗಲೇರಿತು. "ಯಾವೂರ್ಲಾ ನಿಂದು?" ಎಂದು ಕೇಳುವಾಗ ಈಗ ಮಚ್ಚು ಕೈಯಲ್ಲೇ ಇರುತ್ತಿತ್ತು.

"ಬಿಕಾಸನೂ ಹೋಗಬೇಕಾ ಮಾದೇವಣ್ಣ?" ಎಂದೆ.

"ಅವ್ನು ಒಳ್ಳೇವ್ನೇ ಕಣವ್ವ. ಆದ್ರೆ ನನ್ ಮಗ ಮನೇಲಿ ಕುಂತವ್ನಲ್ಲ, ಆ ಮೊಕ ನೋಡಕಾಯ್ತಿಲ್ಲ ನಂಗೆ."

ಒಂದು ದಿನ ಮೆರವಣಿಗೆ ಕೂಲಿಗಳ ಶೆಡ್ಡಿನ ಮುಂದೆ ನಿಂತು ಕೂಗಿತು. ಹೊರಗೆ ಬಂದ ಬಿಕಾಸ ಮುಂದಿನ ಸಾಲಿನಲ್ಲಿ ಮಾದೇವಣ್ಣನವರನ್ನು ಕಂಡು ಒಳಗೆ ಹೋದನಂತೆ. ಮರುದಿನವೇ ಊರು ಬಿಟ್ಟ. ಅವನ ಜಾಗಕ್ಕೆ ಗುತ್ತಿಗೆದಾರ ಇನ್ನೊಬ್ಬ ಹೊರಗಿನವನನ್ನೇ ತಂದ.

ಮಾದೇವಣ್ಣ ಶಾಲು ಬಿಟ್ಟರು, ಮಾತನ್ನೂ ಬಿಟ್ಟರು. ಅವರ ಪಕ್ಕದಲ್ಲೇ ನಿಂತು ನಾನು ಹಳೆಯ ಮಾದೇವಣ್ಣನಿಗಾಗಿ ಹಂಬಲಿಸುತ್ತಿದ್ದೆ.

ಕೊನೆಗೆ ಕಂಡದ್ದು ಆಸ್ಪತ್ರೆಯಲ್ಲಿ. "ಬಿಕಾಸಂಗೆ ನಿನ್ ಪೋನಿಂದ ಮಾಡವ್ವ. ನನ್ ನಂಬ್ರು ಕಂಡ್ರೆ ಎತ್ತಲ್ವೇನೋ" ಎಂದರು. ಮಾಡಿಕೊಟ್ಟೆ.

"ಅಪ್ಪ, ಊಟ ಆಯ್ತಾ?" ಎಂದ ಅವನು, ದನಿ ಕೇಳಿದೊಡನೆ.

"ಒಂದ್ಸಲ ಬಂದೋಗಪ್ಪ."

"ಇಲ್ಲ ಅಪ್ಪ. ಬರಲ್ಲ."

"ಸರಿ ಕಣಪ್ಪ. ಚೆಂದಾಗಿರು" ಎಂದು ಫೋನು ನನ್ನ ಕೈಗಿಟ್ಟು ಗೋಡೆಯ ಕಡೆ ತಿರುಗಿ ಮಲಗಿದರು.

ಅವರು ತೀರಿಕೊಂಡ ಸುದ್ದಿಯನ್ನು ಬಿಕಾಸನಿಗೆ ನಾನೇ ತಿಳಿಸಿದೆ. ಅವನು ತನ್ನ ಭಾಷೆಯಲ್ಲಿ ಏನೇನೋ ಹೇಳಿಕೊಂಡು ಅತ್ತ. ನನಗೆ ಒಂದು ಮಾತೂ ತಿಳಿಯಲಿಲ್ಲ. ಅವನು ಮುಗಿಸುವವರೆಗೂ ನಾನು ಫೋನು ಇಡಲಿಲ್ಲ.